ಹೂವು ಬಿಟ್ಟು ಬೇರು ಒಯ್ದವರು

ಹೊಸದುರ್ಗದ ಕಡೆ, ವೇದಾವತಿ ಹೊಳೆಯ ದಂಡೆಗಿರುವ ಒಂದು ಹಟ್ಟಿಯಲ್ಲಿ ಕಾಟಮ್ಮ ಸೂಲಗಿತ್ತಿಯಾಗಿದ್ದರು. ಗೌರಿ ಹಬ್ಬದ ಬೆಳಿಗ್ಗೆ ಹೆಂಗಸರನ್ನು ಹೊಳೆಗೆ ಕರೆದೊಯ್ದು ಕಾಡುಹೂವು ತರಿಸುವುದೂ ಅವರ ಪಾಲಿನ ಕೆಲಸವೇ. ಯಾವ ಬದುವಿನಲ್ಲಿ ತುಂಬೆ, ಯಾವ ದಿಬ್ಬದಲ್ಲಿ ವಿಷ್ಣುಕ್ರಾಂತಿ, ಯಾವ ಕಳ್ಳಿಪೊದೆಯ ಮೇಲೆ ಗೌರಿ ಹೂವಿನ ಬಳ್ಳಿ ಎಂಬುದನ್ನು ತಾಯಿಯಿಂದ ಕಲಿತಿದ್ದರು.

೧೯೭೪ರ ಹಬ್ಬದಂದು ಗೌರಿ ಹೂವಿನ ಕಳ್ಳಿಪೊದೆಯ ಮುಂದೆ ಅವರು ನಿಂತುಬಿಟ್ಟರು. ಕೆಂಪು ಹಳದಿ ಹೂಗಳು ಬಳ್ಳಿಯಲ್ಲೇ ಬಾಡಿ ಜೋತಿದ್ದವು. ಬುಡದಲ್ಲಿ ಅರೆಬರೆ ಮುಚ್ಚಿದ ಹಸಿ ಗುಂಡಿ.

"ಹಂದಿ ಅಗ್ದಿರ್ಬೇಕು ಬಿಡ್ರಿ" ಎಂದಳು ಜೊತೆಗಿದ್ದ ಓಬಕ್ಕ.

"ಹಂದಿ ಎಲ್ಲಾದ್ರೂ ಗುಂಡಿ ಮುಚ್ಚಿ ಹೋಗ್ತಾವೇನೇ?"

ಹಬ್ಬಕ್ಕೆ ಬಂದವರು ಹೂವು ಕೊಯ್ದು ಬೇರು ಬಿಡುತ್ತಾರೆ. ಇಲ್ಲಿ ಯಾರೋ ಹೂವು ಬಿಟ್ಟು ಬೇರು ಒಯ್ದಿದ್ದರು. ಗೌರಿ ಹೂವಿನ ಬೇರಿನ ಗಡ್ಡೆ ವಿಷ. ಹೆರಿಗೆ ತಡವಾದಾಗ ಕಾಟಮ್ಮ ಅದನ್ನು ತೇಯ್ದು ಅಂಗಾಲಿಗೆ ಹಚ್ಚಿ, ಕೂಸು ಹೊರಬಂದೊಡನೆ ತೊಳೆದುಬಿಡುತ್ತಿದ್ದರು. ಹೊಟ್ಟೆಗೆ ಹೋದರೆ ಬಸುರೂ ಉಳಿಯದು, ಬಸುರಿಯೂ ಉಳಿಯಳು. ಅವರನ್ನು ಬಿಟ್ಟರೆ ಇದನ್ನು ಬಲ್ಲವಳು ಒಬ್ಬಳೇ: ಪಾಲಯ್ಯನ ಹಿರಿಯ ಹೆಂಡತಿ ಮಲ್ಲಕ್ಕ. ಸತ್ತ ಕೂಸನ್ನು ಹೆತ್ತ ದಿನ ಅವಳ ಅಂಗಾಲಿಗೂ ಅದನ್ನೇ ಹಚ್ಚಿದ್ದರು. ಆಮೇಲೆ ಪಾಲಯ್ಯ ಇನ್ನೊಂದು ಮದುವೆಯಾದ. ಕಿರಿಯವಳು ಏಕನಾಥಮ್ಮನಿಗೆ ಈಗ ಆರು ತಿಂಗಳು. ಪ್ರತಿ ವರ್ಷವೂ ಹೂವಿಗೆ ಬರುತ್ತಿದ್ದ ಮಲ್ಲಕ್ಕ ಅಂದು ಬಂದಿರಲಿಲ್ಲ.

ಕಾಟಮ್ಮ ನೇರವಾಗಿ ಆ ಮನೆಗೆ ನಡೆದರು. ಮಲ್ಲಕ್ಕ ಸವತಿಗೆ ಬಡಿಸುತ್ತಿದ್ದಳು. ಕಾಟಮ್ಮ ಆ ಗಂಗಾಳಕ್ಕೆ ಕೈ ಹಾಕಿ ಮೊದಲ ತುತ್ತನ್ನು ತಾವೇ ಉಂಡರು.

"ಯಾಕ್ರೀ ಕಾಟಮ್ಮ, ನಿಮ್ಮನೆ ಒಲೆ ಆರೋತಾ?" ಎಂದಳು ಮಲ್ಲಕ್ಕ.

"ನಿನ್ ಕೈರುಚಿ ಕಣೇ ಮಲ್ಲಿ. ಇನ್ಮ್ಯಾಲೆ ದಿನಾ ಬರ್ತೀನಿ."

ಮಲ್ಲಕ್ಕ ನಗಲಿಲ್ಲ. "ಬರ್ರಿ. ನಿಮ್ಗೂ ಸೇರ್ಸೇ ಮಾಡ್ತೀನಿ."

ದಿನವೂ ಹೋದರು. "ಬಸುರಿ ನಾನೋ ನೀವೋ?" ಎಂದು ಏನೂ ಅರಿಯದ ಏಕನಾಥಮ್ಮ ನಗುತ್ತಿದ್ದಳು. ಕಾಟಮ್ಮ ಯಾರಿಗೂ ಬಾಯಿ ಬಿಡಲಿಲ್ಲ. ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದ ಕಾರಣವನ್ನು ಅವರ ಮಾತಿನಲ್ಲೇ ದಾಖಲಿಸಿದ್ದೇನೆ: "ಹೇಳಿದ್ರೆ ಪಾಲಯ್ಯ ಅವಳನ್ನ ಹೊರಗಾಕ್ತಿದ್ದ. ಆಮ್ಯಾಲೆ ಅವಳ ಕೈಯಾಗೆ ಉಳಿಯೋದು ಆ ಗಡ್ಡೆ ಒಂದೇ."

ಗಡ್ಡೆ ಮಾತ್ರ ಆ ಮನೆಯಲ್ಲಿ ಎಲ್ಲೂ ಕಣ್ಣಿಗೆ ಬೀಳಲಿಲ್ಲ.

ಮಾಗಿಯಲ್ಲಿ ಗಂಡು ಮಗು ಹುಟ್ಟಿತು. ಬಾಣಂತಿತನ ಮುಗಿದ ದಿನ ಕಾಟಮ್ಮ ಎಲೆಯಡಿಕೆಯ ಚೀಲ ಎತ್ತಿಕೊಂಡು ಹೊರಟರು. ಮಲ್ಲಕ್ಕ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅದಕ್ಕೆ ನೆಕ್ಕಿಸಲು ಬಜೆ ತೇಯುವ ಕಲ್ಲನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಹೋಗ್ಬರ್ರಿ. ಇನ್ ನಾನ್ ನೋಡ್ಕಂತೀನಿ."

ಕಾಟಮ್ಮ ಚೀಲವನ್ನು ಕೆಳಗಿಟ್ಟು ಮತ್ತೆ ಕುಳಿತರು.

"ಏನ್ ತೇಯ್ತೀಯೋ ತೇಯಿ ಮಲ್ಲಿ. ಮೊದ್ಲು ನನ್ ನಾಲ್ಗೆಗೆ ಹಚ್ಚು."