ಮಾಮಿಯ ಬೂದಿಗುಂಡಿ

ಬೆಳಿಗ್ಗೆ ಸೂರಿನ ಕೆಳಗೆ ಕೂತು ಅವರೆ ಬಿಡಿಸುತ್ತಿದ್ದೆ. ಪಕ್ಕದ ಗುಂಡಿಯಲ್ಲಿ ಒಂದು ಹೇಂಟೆ ರೆಕ್ಕೆ ಹರಡಿ ಹೊರಳಾಡುತ್ತಿತ್ತು. ಕಾಲಿನಿಂದ ಬೂದಿ ಎತ್ತೆತ್ತಿ ಗರಿಯೊಳಗೆ ತುಂಬಿಕೊಂಡು, ಎದ್ದು ನಿಂತು ಒಮ್ಮೆ ಮೈ ಕೊಡವಿತು ನೋಡಿ, ನನ್ನ ಮೂಗು, ಬಾಯಿ, ಅವರೆಕಾಳು ಎಲ್ಲವೂ ಬೂದಿ. ಒಲೆಬೂದಿ, ಒಣಮಣ್ಣು, ಕರ್ಪೂರಮರದ, ಅಂದರೆ ನೀಲಗಿರಿ ಮರದ, ಎಲೆಪುಡಿ ಬೆರೆತ ಆ ವಾಸನೆ ನಿಮಗೆ ಸೀನು ತರಿಸೀತು. ನನಗೆ ಮಾತ್ರ ಬಾಗಿದ ಬೆನ್ನು ನೆಟ್ಟಗಾಗುತ್ತದೆ. ಅದಕ್ಕೆ ಕಾರಣ ನನ್ನ ಮಾಮಿ, ಅಂದರೆ ಗಂಡನ ತಾಯಿ.

ನಾನು ಕೋತಗಿರಿ ಕಡೆಯವಳು. ಶಾಲೆಯಲ್ಲಿ ನಾಲ್ಕಕ್ಷರ ಕನ್ನಡ ಕಲಿತಿದ್ದೆನೆಂಬ ಜಂಬ ಹೊತ್ತು ಮಂಜೂರಿನ ಬಳಿಯ ಈ ಹಟ್ಟಿಗೆ ಸೊಸೆಯಾಗಿ ಬಂದೆ. ಇಲ್ಲಿ ಆ ನಾಲ್ಕಕ್ಷರವನ್ನು ಕೇಳುವವರಿರಲಿಲ್ಲ. ಮಾವ ಆಗಲೇ ತೀರಿಹೋಗಿದ್ದರು. ಮನೆಯ ಯಜಮಾನರು ಅವರ ಅಣ್ಣ, ನಮ್ಮ ದೊಡ್ಡಮಾವ. ಹಟ್ಟಿಯಲ್ಲೂ ಅವರದೇ ಮಾತು. ಲಿಂಗ ಕಟ್ಟಿದ ಮನೆತನ ನಮ್ಮದು. ಕೋಳಿ ಹಾರಿಬಂದು ಬೇಲಿಯ ಮೇಲೆ ಕೂತರೂ ಓಡಿಸುತ್ತಿದ್ದರು.

ಅಂಥ ಮನೆಗೆ ಮಾಮಿ ಒಂದು ದಿನ ಬುಟ್ಟಿಯ ತುಂಬ ಕೋಳಿ ಹೊತ್ತು ತಂದರು. ಆಲೂಗಡ್ಡೆ ಕೊಡಲು ಎಸ್ಟೇಟಿನ ಬಂಗಲೆಗೆ ಹೋಗಿದ್ದರಂತೆ. ದೊರೆಯ ಹೆಂಡತಿ ಊರಿಗೆ ಹೊರಟಿದ್ದಳು. ಹೇನು ಹತ್ತಿದ ಕೋಳಿಗಳನ್ನು ಕಮರಿಗೆ ಎಸೆಯಲು ಹೇಳಿದ್ದಳು. ಕತ್ತಿನಲ್ಲಿ ಗರಿಯಿಲ್ಲ, ಜುಟ್ಟು ಬಿಳಿಚಿಕೊಂಡಿತ್ತು, ರೆಕ್ಕೆ ಎತ್ತಿದರೆ ಚರ್ಮವೇ ಹರಿದಾಡಿದಂತೆ ಕಾಣುತ್ತಿತ್ತು.

"ಬಿಸಿನೀರಲ್ಲಿ ತೊಳೆಯೋಣವೇ ಮಾಮಿ?" ಎಂದು ನನ್ನ ಶಾಲೆಯ ಬುದ್ಧಿ ಕೇಳಿತು.

"ಈ ಚಳಿಗ ನೀರು ಹೊಯ್ದರ ಇಲ್ಲೇ ಸಾಯ್ತದೆ ಕೂಸೆ. ಬೂದಿ ತಾ."

ಪಕ್ಕದ ಖಾಲಿ ಕೊಟ್ಟಿಗೆಯ ಸೂರಿನ ಕೆಳಗೆ ಮಳೆ ತಾಗದ ಕಡೆ ಗುಂಡಿ ತೋಡಿ, ಜರಡಿ ಹಿಡಿದ ಬೂದಿ, ಕೆಂಪುಮಣ್ಣು, ಒಣಗಿಸಿ ಕುಟ್ಟಿದ ಎಲೆ ಸುರಿದೆವು. ನಿಲ್ಲಲಾರದ ಕೋಳಿಗಳ ರೆಕ್ಕೆಯಡಿಗೆ ಮಾಮಿ ತಮ್ಮ ಕೈಯಿಂದಲೇ ತಿಕ್ಕಿದರು. ಉಳಿದವು ಒಂದು ಗಳಿಗೆ ಗುಂಡಿಯನ್ನೇ ನೋಡುತ್ತಾ ನಿಂತು, ಆಮೇಲೆ ಹಸಿದವರು ಎಲೆಯ ಮುಂದೆ ಕೂತಂತೆ ಕೂತುಬಿಟ್ಟವು.

ಸುದ್ದಿ ತಿಳಿದು ದೊಡ್ಡಮಾವ ಅಂಗಳಕ್ಕೆ ಬಂದರು. ಹಿಂದೆ ಅರ್ಧ ಹಟ್ಟಿ.

"ಲಿಂಗ ಕಟ್ಟಿದವರ ಮನೆಗ ಕೋಳಿಯಾ, ಗೌರೀ?"

"ತಿನ್ನಲಿಕ್ಕ ತರಲಿಲ್ಲೆ ಬಾವ. ಸಾಯೋದ ನೋಡಲಾರದೆ ತಂದೆ."

"ಹಣೆಗ ಇಡುವ ಬೂದಿಯ ಕೋಳಿ ಕಾಲಡಿಗ ಹಾಕಿದೆಯಲ್ಲಾ!"

"ಹಣೆಗ ಇಡುವದು ಒಳಗ ಇದ್ದೇ ಇದೆ, ಅದ ನಾ ಮುಟ್ಟಲಿಲ್ಲೆ. ಇದು ಒಲೆಬೂದಿ."

"ಬೂದಿ ಅಂದರ ಬೂದಿಯೇ!" ಎಂದು ಅವರು ಗುಡುಗಿದರು.

"ನೀವೇ ಹೇಳಿದಿರಿ," ಎಂದರು ಮಾಮಿ. ಬಗ್ಗಿ, ಆ ಗುಂಡಿಯಿಂದಲೇ ಮೂರು ಬೆರಳಲ್ಲಿ ಬೂದಿ ತೆಗೆದು, ಕಣ್ಣು ಮುಚ್ಚಿ, ಹಣೆಗೆ ಮೂರು ಗೆರೆ ಎಳೆದುಕೊಂಡರು. ಪೂಜೆಯ ಹೊತ್ತಿನಲ್ಲಿ ಹೇಗೆ ಎಳೆಯುತ್ತಿದ್ದರೋ ಹಾಗೆಯೇ, ಅಷ್ಟೇ ನಿಧಾನವಾಗಿ.

ದೊಡ್ಡಮಾವನ ಮುಖ ಕಪ್ಪಿಟ್ಟಿತು. "ಇವತ್ತಿಂದ ನಿನಗ ಈ ಮನೆ ಒಲೆ ಇಲ್ಲೆ."

"ಇಲ್ಲೆಂದರ ಇಲ್ಲೆ," ಎಂದು ಮಾಮಿ ತಮ್ಮ ಗಡಿಗೆ ಎತ್ತಿಕೊಂಡು ಆ ಖಾಲಿ ಕೊಟ್ಟಿಗೆಗೆ ನಡೆದರು.

ನಾನೂ ಹಿಂದೆಯೇ ಹೋದೆ. ಧೈರ್ಯದಿಂದ ಅಂದುಕೊಳ್ಳಬೇಡಿ. ನನ್ನ ಕಂಕುಳಲ್ಲಿದ್ದ ಹುಂಜ ಮುಂಗೈ ಕುಟುಕುತ್ತಿತ್ತು, ಅದನ್ನು ಎಲ್ಲಿಯಾದರೂ ಇಳಿಸಬೇಕಿತ್ತು. ಇಳಿಸಿದ ಮೇಲೆ ತಿರುಗಿ ಹೋಗಬಹುದಿತ್ತು. ಕಾಲು ಬರಲಿಲ್ಲ. ನನ್ನ ಗಂಡ ಅಂಗಳದ ನಡುವೆ ಬಹಳ ಹೊತ್ತು ನಿಂತಿದ್ದರು. ಸಂಜೆಗೆ ಒಂದು ಹೊರೆ ಸೌದೆ ತಂದು ಕೊಟ್ಟಿಗೆಯ ಬಾಗಿಲಲ್ಲಿ ಹಾಕಿ, "ಒಲೆ ಹೊತ್ತಿಸಿ," ಎಂದರು.

ಅಲ್ಲಿಂದ ಮದುವೆಗೆ ಕರೆಯಿಲ್ಲ, ಸಾವಿಗೆ ಹೇಳಿಕಳಿಸುವುದಿಲ್ಲ. ನೀರಿನ ಹತ್ತಿರ ಹೆಂಗಸರು ಸರಿದು ನಿಲ್ಲುತ್ತಿದ್ದರು. ನಾನು ಕದ್ದು ಅಳುತ್ತಿದ್ದೆ. ಮಾಮಿ ಅಳಲಿಲ್ಲ. ಕೋಳಿಗಳ ಕತ್ತಿಗೆ ಗರಿ ಬಂತು, ಜುಟ್ಟು ಕೆಂಪೇರಿತು, ಹುಂಜ ನಾವು ಬಿಟ್ಟುಬಂದ ದೊಡ್ಡಮನೆಯ ಕಡೆ ಮುಖ ಮಾಡಿಯೇ ಕೂಗತೊಡಗಿತು. ಅದಕ್ಕೆ ಯಾರೂ ಕಲಿಸಿರಲಿಲ್ಲ.

ಆಡಿ ತಿಂಗಳ, ಅಂದರೆ ಆಷಾಢದ ಮಳೆ ನಮ್ಮನ್ನು ಮಣಿಸಿತು. ಗಾಳಿಗೆ ಎರಚಲು ಹೊಡೆದು ಗುಂಡಿ ಕೆಸರಾಯಿತು. ಬೂದಿ ಉಂಡೆ ಕಟ್ಟಿತು. ಮಾಮಿ ಮಣ್ಣನ್ನು ಬಾಣಲೆಯಲ್ಲಿ ಹುರಿದು ಹಾಕಿದರು. ಆದರೆ ಮೂವರ ಅಡುಗೆಯ ಒಲೆಯಲ್ಲಿ ಎಷ್ಟು ಬೂದಿ ಬಂದೀತು? ಹೇನು ತಿರುಗಿ ಬಂತು. ಒಂದು ಹೇಂಟೆ ಸತ್ತಿತು. ಕಾವಿಗೆ ಕೂತದ್ದು ಕಡಿತ ತಾಳಲಾರದೆ ಮೊಟ್ಟೆ ಬಿಟ್ಟು ಏಳತೊಡಗಿತು. ಮೊದಲ ಸಲ ಮಾಮಿ ಮಂಕಾಗಿ ಕೂತದ್ದನ್ನು ಕಂಡೆ.

ಆಗ ಹಾಡಹಗಲಲ್ಲಿ, ದೊಡ್ಡಮನೆಯಿಂದ ದೊಡ್ಡಮಾವನ ಹೆಂಡತಿ ಹೊರಬಂದರು. ಜೋರುಮಾತು ಕೇಳಿದರೇ ಬೆದರುವ ಹೆಂಗಸು. ಗೋಣಿ ಹೊದ್ದು, ಬುಟ್ಟಿ ಎದೆಗವಚಿಕೊಂಡು ಅಂಗಳ ದಾಟುತ್ತಿದ್ದರು. ಜಗಲಿಯಿಂದ ದೊಡ್ಡಮಾವ ಕೇಳಿದರು: "ಎತ್ತ ಹೊರಟೆ?"

"ಬೂದಿ ಚೆಲ್ಲಲಿಕ್ಕ."

"ತಿಪ್ಪೆ ಇರೋದು ಆ ಕಡೆ."

ಅವರು ನಿಂತರು. ಜಗಲಿಗೆ ಕೇಳಿಸುವಂತೆ ಹೇಳಿದರು: "ಮೂವತ್ತು ಜನಕ್ಕ ಬೇಯಿಸೋದು ನಾನು. ಬೂದಿ ಎಲ್ಲಿ ಚೆಲ್ಲಬೇಕೆಂದು ನಾನೇ ನೋಡ್ತೀನಿ."

ನಮ್ಮ ಬಾಗಿಲಿಗೆ ಬಂದು ಬುಟ್ಟಿ ಇಳಿಸಿದರು. ಬೆಚ್ಚಗಿನ, ಹಿಟ್ಟಿನಂಥ ಬೂದಿ. ಮಾಮಿ ಅವರ ಒದ್ದೆ ಗೋಣಿಯನ್ನು ತೆಗೆದು ಒಲೆಯ ಬಳಿ ಹರಡಿದರು. ಮಳೆ ಮುಗಿಯುವವರೆಗೂ ಬುಟ್ಟಿ ತಪ್ಪಲಿಲ್ಲ. ಕಾವಿನ ಹೇಂಟೆ ಮೊಟ್ಟೆಗೆ ಮರಳಿತು, ಮರಿಗಳಾದವು.

ಇಷ್ಟಾದರೂ ದೊಡ್ಡಮಾವ ಕರೆಯಲಿಲ್ಲ, ಮಾಮಿ ಕೇಳಲಿಲ್ಲ. ಕೊಟ್ಟಿಗೆಯೇ ಮನೆಯಾಯಿತು. ಅಲ್ಲೇ ಮಾಮಿ ಕಣ್ಣು ಮುಚ್ಚಿದರು, ಆಮೇಲೆ ನನ್ನ ಗಂಡನೂ. ದೊಡ್ಡಮಾವನೂ ಹೋದರು.

ನಿನ್ನೆ ಅವರ ಮಗ ಬಂದಿದ್ದ. ಈಗ ಯಜಮಾನಿಕೆ ಅವನದು. ಒಳ್ಳೆಯವನು, ಮೆತ್ತಗೆ ಮಾತಾಡಿದ: "ಎರಡು ಒಲೆ ಒಂದು ಮಾಡೋಣ ಅತ್ತಿಗೆ. ದೊಡ್ಡಮನೆಗ ಬನ್ನಿ. ಕೋಳಿ ಒಂದು ಬೇಡ, ಆ ಗುಂಡಿ ಮುಚ್ಚಿಸಿ." ನಾಳೆ ಹೇಳುತ್ತೇನೆ ಎಂದಿದ್ದೆ. ನಿಜ ಹೇಳಬೇಕೆಂದರೆ, ಇಂದು ಬೆಳಿಗ್ಗೆ ಆ ಹೇಂಟೆ ಮೈ ಕೊಡವುವವರೆಗೂ ಒಪ್ಪಿಕೊಳ್ಳುವವಳೇ ಇದ್ದೆ. ವಯಸ್ಸಾಯಿತು, ಮದುವೆಮನೆಯ ಸದ್ದನ್ನು ದೂರದಿಂದ ಕೇಳಿ ಕೇಳಿ ಸಾಕಾಗಿತ್ತು.

ಮಧ್ಯಾಹ್ನ ಅವನು ಬಂದ. ನನ್ನ ತಲೆ, ಸೀರೆ ಇನ್ನೂ ಬೂದಿಮಯ. ಕೊಡವಿಕೊಳ್ಳಲಿಲ್ಲ.

"ಒಲೆ ಎರಡೇ ಇರಲಿ ತಮ್ಮಾ. ಗುಂಡಿ ಮುಚ್ಚೋದಿಲ್ಲೆ," ಎಂದೆ. "ಅವರೆಸಾರು ಮಾಡೀನಿ. ಉಂಡು ಹೋಗು."

ಅವನು ಗುಂಡಿ ನೋಡಿದ, ದೊಡ್ಡಮನೆಯ ಕಡೆ ನೋಡಿದ. ಜಗಲಿಯ ಮೇಲೆ ಯಾರೋ ನಿಂತು ಇತ್ತಲೇ ನೋಡುತ್ತಿದ್ದರು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ಒಲೆಯ ಪಕ್ಕ ಕೂತ.