ಪಿಂಜಾರರ ಮನೆಯ ಪಿಟೀಲು

ನಮ್ಮಕ್ಕ ಶಾಹಜಾದಿಗೆ ಪಿಟೀಲು ಕಲಿಸಿದ್ದು ತಾವೇ ಎಂದು ಹೇಳಿಕೊಳ್ಳುವವರು ಈಗ ಸಿರಾದಲ್ಲಿ ಎಷ್ಟೋ ಜನ ಹುಟ್ಟಿಕೊಂಡಿದ್ದಾರೆ. ಅವರ ಬಾಯಿಗೆ ಮಣ್ಣು ಬೀಳ! ಅವಳಿಗೆ ಯಾರೂ ಒಂದಕ್ಷರ ಹೇಳಿಕೊಡಲಿಲ್ಲ. ಪಕ್ಕದಲ್ಲೇ ಕಿವಿ ಮುಚ್ಚಿಕೊಂಡು ಕೂತಿದ್ದ ತಂಗಿ ನಾನು, ಅಮೀರ್ ಬಿ. ನನಗೆ ಗೊತ್ತಿಲ್ಲವೇ?

ನಮ್ಮಪ್ಪ ನಬೀ ಸಾಬ್ ಪಿಂಜಾರರು. ಬಿಲ್ಲಿಗೆ ಕಟ್ಟಿದ ಕುರಿಯ ನರವನ್ನು ಕೊಡತಿಯಿಂದ ಬಡಿದು ಹತ್ತಿ ಹಿಂಜಿ, ಹಾಸಿಗೆ ಹೊಲಿಯುವುದು ನಮ್ಮ ಕಸುಬು. ಐವತ್ತೆಂಟರಲ್ಲಿ ಮಧುಗಿರಿಯ ಸರಸಮ್ಮನವರ ಮನೆಗೆ ಅಪ್ಪನ ಜೊತೆ ಕೆಲಸಕ್ಕೆ ಹೋದಾಗ, ಅಟ್ಟದ ಮೇಲಿದ್ದ ಹಳೇ ಪಿಟೀಲನ್ನು ಅಕ್ಕ ಕೇಳಿದಳು. "ಗೆದ್ದಲು ತಿನ್ನೋದಕ್ಕಿಂತ ನೀನೇ ತಗೊಂಡೋಗಮ್ಮ" ಎಂದು ಅವರು ಕೊಟ್ಟೇಬಿಟ್ಟರು.

ಮೊದಲ ದಿನವೇ ಎಡವಟ್ಟು. ಕೆಲಸ ಮುಗಿದ ಮೇಲೆ ನರಕ್ಕೆ ಎಣ್ಣೆ ಸವರಿಡುವುದು ನಮ್ಮ ಮನೆಯ ರೂಢಿ. ಅಕ್ಕ ಪಿಟೀಲಿನ ಕಮಾನಿನ ಕೂದಲಿಗೂ ಕಡಲೆಕಾಯಿ ಎಣ್ಣೆ ಬಳಿದಳು. ಸದ್ದೇ ಇಲ್ಲ! ಕಮಾನು ತಂತಿಯ ಮೇಲೆ ಜಾರಾಡಿತು, ಅಷ್ಟೆ. ಕೂದಲನ್ನು ಸೀಗೆಪುಡಿ ಹಾಕಿ ತೊಳೆದಳು. ಆಮೇಲೊಂದು ದಿನ, ಡಬ್ಬಕ್ಕೆ ಬೆಸುಗೆ ಹಾಕುವ ಫಕ್ರುದ್ದೀನ್ ಚಾಚಾನ ಅಂಗಡಿಯಲ್ಲಿ ತನ್ನ ಕೈಗೆ ಬೆಸುಗೆಯ ರಾಳ ಅಂಟಿ ಬೆರಳು ಜಾರದಿದ್ದುದನ್ನು ನೋಡಿ, ಒಂದು ಚೂರು ಬೇಡಿ ತಂದು ಕಮಾನಿಗೆ ಉಜ್ಜಿದಳು. ಪಿಟೀಲು ಕಿರುಚಿತು.

"ಯಾವ ಕೋಳಿ ಕೊಯ್ತಿದೀಯೇ?" ಎಂದು ಪಕ್ಕದ ಮನೆಯ ಫಕ್ರುನ್ನೀಸಾ ಗೋಡೆಯಾಚೆಯಿಂದ ಕೂಗಿದಳು.

"ಇನ್ನೂ ಕತ್ತಿ ಮಸೀತಿದೀನಿ, ನಿಮ್ಮ ಸರದಿ ಬತ್ತದೆ ಇರಿ!" ಎಂದಳು ಅಕ್ಕ.

ಅಂಥ ಬಾಯಿ ಅವಳದು. ಎದುರಿನ ಹೋಟೆಲಿನ ರೇಡಿಯೋ ಹಾಡು ಕೇಳಿ, ಬೆರಳನ್ನು ಹಿಂದೆ ಮುಂದೆ ಜರುಗಿಸಿ ಸ್ವರ ಹುಡುಕುವಳು. ಸಿಕ್ಕ ಕಡೆ ಇದ್ದಿಲಿನ ಗೆರೆ ಎಳೆಯುವಳು. ಬೆವರಿಗೆ ಗೆರೆ ಅಳಿಸುವ ಹೊತ್ತಿಗೆ ಬೆರಳಿಗೇ ಜಾಗ ಗೊತ್ತಾಗಿತ್ತು.

ಅರವತ್ತೊಂದರಲ್ಲಿ ಪಾವಗಡದ ಕಡೆಯಿಂದ ಸಂಬಂಧ ಬಂತು. ಪಿಟೀಲು ಬಾರಿಸುವ ಸೊಸೆ ಬೇಡ ಎಂದು ಹುಡುಗನ ತಾಯಿ ಮೊದಲೇ ಹೇಳಿಕಳಿಸಿದರು. ಅಪ್ಪ ಹೆದರಿ ತಂತಿಗಳನ್ನೆಲ್ಲ ಕತ್ತರಿಸಿ ಹಾಕಿದರು. "ಅವ್ರು ಬಂದೋಗೋವರ್ಗೂ ಇದ್ರ ಸದ್ದು ಕೇಳಕೂಡ್ದು ಕಣಮ್ಮ. ಕೇಳಿದ್ರೆ ಒಲೆಗಾಕ್ಬುಡ್ತೀನಿ" ಎಂದರು.

ಅಕ್ಕ ಅಳಲಿಲ್ಲ. ನೆಂಟರು ಬಂದು ಚಾಪೆಯ ಮೇಲೆ ಕೂತರು. ಷರಬತ್ತು ತರಬೇಕಾದವಳು ಪಿಟೀಲು ಹಿಡಿದು ಬಂದಳು! ಅದಕ್ಕೆ ಒಂದೇ ಒಂದು ದಪ್ಪ ನರ ಬಿಗಿದಿತ್ತು. ಅಪ್ಪ ಹತ್ತಿ ಹಿಂಜುವಾಗ ಗುನುಗುವ ಪದವನ್ನೇ ನುಡಿಸಿದಳು. ಸದ್ದು ಒರಟು, ಆದರೆ ಒಂದು ಕಡೆಯೂ ತಪ್ಪಲಿಲ್ಲ. ನನಗೆ ಭಯವೂ ಆಯಿತು, ಹೆಮ್ಮೆಗೆ ಕಣ್ಣೂ ತುಂಬಿತು.

ಹುಡುಗನ ತಾಯಿ ಎದ್ದು ನಿಂತರು. "ಏಮಮ್ಮಾ, ಇದನ್ನ ಬುಟ್ಟು ಬರ್ತೀಯೋ ಇಲ್ವೋ?"

"ಇಲ್ಲ. ನಾನು ಬಂದ್ರೆ ಇದೂ ಬತ್ತದೆ" ಎಂದಳು ಅಕ್ಕ.

ಅವರು ಷರಬತ್ತೂ ಕುಡಿಯದೆ ಬಸ್ಸಿಗೆ ಹೊರಟರು. ಅಪ್ಪ ಮೂಲೆಗೆ ಹೋಗಿ ಬಿಲ್ಲು ಎತ್ತಿ ನೋಡಿದರು. ಅದರ ನರ ಇರಲಿಲ್ಲ. ನಾಳೆಯ ಕೆಲಸವೂ ಹೋಯಿತು, ಪಿಟೀಲು ಒಲೆಗೆ ಬಿದ್ದಂತೆಯೇ ಎಂದುಕೊಂಡೆ. ಅಪ್ಪ ಬಂದು ಅಕ್ಕನ ಮುಂದೆ ಕುಕ್ಕರುಗಾಲಲ್ಲಿ ಕೂತರು. ದಿನಾ ಬೆಳಿಗ್ಗೆ ಬಿಲ್ಲಿಗೆ ಮಾಡುವಂತೆ, ಆ ನರವನ್ನು ಬೆರಳಿನಿಂದ ಒಮ್ಮೆ ಮಿಡಿದು ಕಿವಿಗೊಟ್ಟರು.

"ಸಡ್ಲ ಐತೆ ಕಣಮ್ಮ" ಎಂದರು. "ಇನ್ನೊಂದು ಸುತ್ತು ಬಿಗಿ ಮಾಡು. ನಂಗೆ ಬೇರೆ ನರ ತತ್ತೀನಿ."