ತಂಬಿಗೆಯಲ್ಲಿ ನೀರು ನೋಡಿದ ಬೇಸಿಗೆ

ಕಳೆದ ತಿಂಗಳು ಸಕ್ಕರೆ ಕಾಯಿಲೆಯ ತಪಾಸಣೆಗೆಂದು ರಕ್ತ ಕೊಡಲು ಹೋಗಿದ್ದೆ. ಅಲ್ಲಿದ್ದ ಹುಡುಗಿ ಸ್ಪಿರಿಟ್‌ನಲ್ಲಿ ಅದ್ದಿದ ಅರಳೆಯಿಂದ ನನ್ನ ತೋಳು ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಇನ್ನೊಂದು ಕೈ ತಾನಾಗಿಯೇ ಹೊಟ್ಟೆಯನ್ನು ಮುಚ್ಚಿಕೊಂಡಿತು. "ಯಾಕ್ರೀ, ಹೊಟ್ಟಿ ನೋಯಾಕತ್ತೈತೇನ್ರಿ?" ಎಂದು ಅವಳು ಕೇಳಿದಳು. ಇಲ್ಲ ಎಂದೆ. ನಲವತ್ತೈದು ವರ್ಷದ ಹಿಂದಿನ ಮಾತನ್ನು ಅವಳಿಗೆ ಏನೆಂದು ಹೇಳುವುದು...

ಬೆಟಗೇರಿಯ ನಮ್ಮ ಮನೆಯನ್ನು ಕೊಂಡವರು ಗಾದಿ ಕಾಕಾ. ಅದು ನಾವು ಮಕ್ಕಳು ಇಟ್ಟ ಹೆಸರು. ಪೇಟೆಯಲ್ಲಿ ಅವರದು ಗಾದಿ ಹೊಲಿಯುವ ಅಂಗಡಿ. ಪ್ರತಿ ಬೇಸಿಗೆಯಲ್ಲೂ ಲಕ್ಷ್ಮೇಶ್ವರದಿಂದ, ಶಿರಹಟ್ಟಿಯಿಂದ ಕಾಕಾಂದಿರ ಸಂಸಾರಗಳು ಬರುವ ಮೊದಲು ನಮ್ಮ ಅಜ್ಜಿ ಅವರನ್ನು ಕರೆಸುತ್ತಿದ್ದಳು. ಅವರು ಅಂಗಳದಲ್ಲಿ ಕೂತು ಹಳೆಯ ಗಾದಿಗಳನ್ನು ಬಿಚ್ಚಿ, ತಂತಿಯ ಬಿಲ್ಲಿನಿಂದ ಅರಳೆ ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುತ್ತಿದ್ದರು. ಗಂಟುಗಂಟಾಗಿದ್ದ ಅರಳೆ ಅವರ ಮುಂದೆ ಮೋಡದ ಹಾಗೆ ಏಳುವುದನ್ನು ನೋಡುತ್ತ ನಾವು ಊಟ ಮರೆಯುತ್ತಿದ್ದೆವು. ಅವರ ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿರುತ್ತಿತ್ತು.

ಆದರೆ ಮನೆ ಕೊಂಡ ಆ ವರ್ಷ ನಾವು ಮಕ್ಕಳು ಅವರೊಡನೆ ಮಾತು ಬಿಟ್ಟಿದ್ದೆವು. ಹಿಂದಿನ ಚಳಿಗಾಲದಲ್ಲಿ ಅಜ್ಜ ತೀರಿಹೋಗಿದ್ದ. ಅಪ್ಪನಿಗೆ ಮುಂಡರಗಿಯ ಕಚೇರಿಗೆ ವರ್ಗವಾಗಿತ್ತು. ಕಾಕಾಂದಿರಿಗೆ ಅವರವರ ಊರಲ್ಲಿ ಮನೆಗಳಿದ್ದವು. ಗಾದಿ ಕಾಕಾನಿಗೆ ಅರಳೆ ಹರವಲು ಉದ್ದನೆಯ ಪಡಸಾಲೆ ಬೇಕಿತ್ತು. ಹೀಗೆ ಮನೆ ಕೈಬಿಟ್ಟಿತು. "ಈ ಸೂಟಿ ಒಂದ ಎಲ್ಲಾರೂ ಕೂಡಿ ಇರ್ರಿ. ಆಮ್ಯಾಲ ಕೀಲಿ ಯಾರಿಗರ ಕೊಡ್ರಿ," ಎಂದಿದ್ದಳು ಅಜ್ಜಿ. ಆ ಬೇಸಿಗೆ ರಜೆಗೆ ಹನ್ನೊಂದು ಮಕ್ಕಳು ಸೇರಿದ್ದೆವು. ಶಾವಿಗೆ ಹೊಸೆದರು, ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿದರು, ದಿನ ಬಿಟ್ಟು ದಿನ ಮಾವಿನ ಸೀಕರಣೆ. ದೊಡ್ಡವರು ನಗುನಗುತ್ತಲೇ ಇದ್ದಕ್ಕಿದ್ದಂತೆ ಗೋಡೆ ನೋಡುತ್ತ ಕೂರುತ್ತಿದ್ದರು.

ನನಗೆ ಮನೆಗಿಂತ ಹೆಚ್ಚಿನ ಚಿಂತೆ ಕಾಳ್ಯಾನದು. ಅಂಗಳದಲ್ಲೇ ಹುಟ್ಟಿ ಬೆಳೆದ ಕರಿ ನಾಯಿ. ಅದನ್ನು ಮುಂಡರಗಿಗೆ ಕರೆದೊಯ್ಯಲು ಅಪ್ಪ ಒಪ್ಪಿರಲಿಲ್ಲ. ನಾನು ಎರಡು ದಿನ ಊಟ ಬಿಟ್ಟು ಅತ್ತ ಮೇಲೆ, "ಆತು, ಬರ್ಲಿ. ಆದ್ರ ಏನರ ತಂಟೆ ತಗೀತು ಅಂದ್ರ ಇಲ್ಲೇ ಬಿಟ್ಟು ಹೋಗೂದು," ಎಂದು ಹೇಳಿದ್ದ.

ಅದಾಗಿ ವಾರ ಕಳೆದಿತ್ತೇನೋ. ಕಾಳ್ಯಾ ಅನ್ನ ಮುಟ್ಟದಾಯಿತು. ಮಾಳಿಗೆಯ ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿ ಸೇರಿಕೊಂಡು ಬಾಯಿ ತೆರೆದುಕೊಂಡೇ ಕೂತಿರುತ್ತಿತ್ತು. ಜೊಲ್ಲು ಸುರಿಯುತ್ತಿತ್ತು. ಬೊಗಳಿದರೆ ಅದರ ದನಿಯೇ ಅಲ್ಲ. ಮಾವಿನ ಗೊರಟೆ ಗಂಟಲಲ್ಲಿ ಸಿಕ್ಕಿದೆ ಎಂದುಕೊಂಡೆ. ಎಲ್ಲರೂ ಉಂಡು ಮಲಗಿದ್ದ ಮಧ್ಯಾಹ್ನ ಮೆಟ್ಟಿಲ ಕೆಳಗೆ ತೂರಿ, ಅದರ ಬಾಯಿಗೆ ಕೈ ಹಾಕಿ ತಡಕಾಡಿದೆ. ಗೊರಟೆ ಇರಲಿಲ್ಲ. ಕೈ ಹಿಂದಕ್ಕೆ ತೆಗೆಯುವಾಗ ಎರಡು ಬೆರಳಿಗೆ ಹಲ್ಲು ಗೀರಿತು. ಅರಿಸಿನ ಒತ್ತಿಕೊಂಡೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಕಾಳ್ಯಾನನ್ನು ಬಿಟ್ಟು ಹೋಗುತ್ತಾರಲ್ಲ!

ಎರಡು ದಿನ ಬಿಟ್ಟು ಗಾದಿ ಕಾಕಾ ಪಡಸಾಲೆಯ ಉದ್ದ ಅಳೆಯಲು ಹಗ್ಗ ತಂದರು. "ಈ ತುದಿ ಹಿಡಕೋತಿ ಏನವ್ವಾ?" ಎಂದು ನನ್ನನ್ನೇ ಕೇಳಿದರು. ನಾನು ಮುಖ ತಿರುಗಿಸಿದೆ. ಅವರೇ ಬಗ್ಗಿ ಹಗ್ಗದ ತುದಿಯನ್ನು ಕಂಬಕ್ಕೆ ಕಟ್ಟುತ್ತಿದ್ದಾಗ ಕಾಳ್ಯಾ ಸದ್ದಿಲ್ಲದೆ ಬಂದು ಅವರ ಎಡ ಮುಂಗೈ ಹಿಡಿಯಿತು. ಬೊಗಳಲೂ ಇಲ್ಲ. ಕಾಕಾಂದಿರು ಬಡಿದು ಬಿಡಿಸುವಷ್ಟರಲ್ಲಿ ಮಾಂಸ ಕಿತ್ತಿತ್ತು. ನಾಯಿ ನೇಕಾರರ ಓಣಿಯ ಕಡೆ ಓಡಿತು. ಅಜ್ಜಿ ಬಚ್ಚಲಲ್ಲಿ ಅವರ ಕೈಗೆ ಸಾಬೂನು ಹಚ್ಚಿ ಕೊಡಗಟ್ಟಲೆ ನೀರು ಸುರಿದಳು. ಅಷ್ಟರಲ್ಲಿ ದಿನವಿಡೀ ಕೇಳುತ್ತಿದ್ದ ಮಗ್ಗಗಳ ಸದ್ದು ಒಮ್ಮೆಲೇ ನಿಂತಿತು. ಓಣಿಯವರೆಲ್ಲ ಬಡಿಗೆ ಹಿಡಿದು ಹೊರಬಿದ್ದಿದ್ದಾರೆಂದು ಯಾರೂ ಹೇಳುವ ಮೊದಲೇ ನನಗೆ ತಿಳಿಯಿತು. ಸ್ವಲ್ಪ ಹೊತ್ತಿಗೆ ಮಗ್ಗಗಳು ಮತ್ತೆ ಶುರುವಾದವು. ಕಾಳ್ಯಾ ತಿರುಗಿ ಬರಲಿಲ್ಲ.

ಅಂದೇ ಗದಗಿನ ದವಾಖಾನೆಯಲ್ಲಿ ಗಾದಿ ಕಾಕಾನಿಗೆ ಹೊಟ್ಟೆಯ ಮೇಲೆ ಮೊದಲ ಸೂಜಿ ಚುಚ್ಚಿದರು. ದಿನಕ್ಕೊಂದರಂತೆ ಹದಿನಾಲ್ಕು. ನಾಯಿಗೆ ಹುಚ್ಚೇ ಹಿಡಿದಿತ್ತು, ಮತ್ತೆ ಯಾರಿಗಾದರೂ ಹಲ್ಲು ತಾಗಿದ್ದರೆ ತಡಮಾಡದೆ ಕರೆತನ್ನಿ ಎಂದು ಡಾಕ್ಟರರು ಹೇಳಿ ಕಳಿಸಿದ್ದರು. ಅಜ್ಜಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಕೇಳಿದಳು. ನನ್ನ ಸರದಿ ಬಂದಾಗ ಕೈ ಬೆನ್ನ ಹಿಂದೆ ಇತ್ತು.

"ಇಲ್ಲ," ಎಂದೆ.

ಶಿರಹಟ್ಟಿಯ ಕಾಕಾನ ದೊಡ್ಡ ಮಗ ಎಲ್ಲ ಬಲ್ಲವನು. ಎತ್ತಿಗೆ ಚುಚ್ಚುವ ಸೂಜಿಯನ್ನೇ ಹೊಕ್ಕುಳ ಸುತ್ತ ಚುಚ್ಚುತ್ತಾರೆ ಎಂದ. ಚುಚ್ಚಿಸಿಕೊಳ್ಳದಿದ್ದರೆ ಹೊಟ್ಟೆಯೊಳಗೆ ನಾಯಿಮರಿಗಳು ಬೆಳೆಯುತ್ತವೆ, ಮನುಷ್ಯ ಬೊಗಳುತ್ತಾನೆ, ಕೊನೆಗೆ ನೀರು ಕಂಡರೆ ಅಂಜಿ ಸಾಯುತ್ತಾನೆ ಎಂದ. ಉಳಿದವರು ಕಿಲಕಿಲ ನಕ್ಕರು. ನಾನೂ ನಕ್ಕೆ.

ಮರುದಿನದಿಂದ ನಾನು ನೀರು ನೋಡತೊಡಗಿದೆ. ಬೆಳಿಗ್ಗೆ ಎದ್ದವಳೇ ಹಿತ್ತಲಿಗೆ ಹೋಗಿ ತಂಬಿಗೆಯಲ್ಲಿ ನೀರು ತುಂಬಿ, ಅದರೊಳಗೆ ಕಣ್ಣು ನೆಟ್ಟು, ಅಂಜಿಕೆ ಬರುತ್ತದೆಯೋ ಎಂದು ಕಾಯುತ್ತಿದ್ದೆ. ಕಾದರೆ ಬಾರದೆ ಇರುತ್ತದೆಯೇ? ಎದೆ ಹೊಡೆದುಕೊಳ್ಳುತ್ತಿತ್ತು, ಗುಟುಕು ಗಂಟಲಲ್ಲಿ ನಿಂತು ಬಿಡುತ್ತಿತ್ತು. ಬಂತು, ಹುಚ್ಚು ಬಂತು ಎಂದು ನೀರು ಚೆಲ್ಲಿ ಒಳಗೆ ಓಡುತ್ತಿದ್ದೆ. ಸೀಕರಣೆ ಸೇರದಾಯಿತು. ಮನೆ ಬಿಡುವ ದುಃಖಕ್ಕೆ ಹೀಗೆ ಮಾಡುತ್ತಿದ್ದಾಳೆ ಎಂದು ಅವ್ವ ತಲೆ ಸವರಿದಳು. ನನ್ನ ಹೊಟ್ಟೆ ಗುರ್ ಎಂದದ್ದು ಅವಳಿಗೂ ಕೇಳಿಸೀತೆಂದು ನಾನು ಸರಿದು ಕೂತೆ.

ಐದನೆಯ ದಿನ. ಮರುದಿನ ಕೀಲಿ ಕೊಟ್ಟು ಎಲ್ಲರೂ ಹೊರಡುವುದಿತ್ತು. ಒಳಗೆ ಹಾಸಿಗೆ ಸುತ್ತುತ್ತಿದ್ದರು, ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು. ನಾನು ಹಿತ್ತಲಲ್ಲಿ ತಂಬಿಗೆ ಹಿಡಿದು ನಿಂತಿದ್ದೆ.

"ನೀರಿನ್ಯಾಗ ಏನ ನೋಡಾಕತ್ತಿ ಯವ್ವಾ?"

ತಂಬಿಗೆ ಕೈಯಿಂದ ಬಿತ್ತು. ಹಿತ್ತಲ ಬಾಗಿಲಲ್ಲಿ ಗಾದಿ ಕಾಕಾ ನಿಂತಿದ್ದರು. ಮುಂಗೈಗೆ ಪಟ್ಟಿ ಕಟ್ಟಿತ್ತು. ಓಡೋಣವೆಂದರೆ ದಾರಿ ಅವರ ಪಕ್ಕದಿಂದಲೇ. ಅವರು ಹತ್ತಿರ ಬರಲಿಲ್ಲ, ಅಲ್ಲೇ ಹೊಸ್ತಿಲ ಮೇಲೆ ಕೂತರು.

"ನಾನೂ ನೋಡ್ತೇನಿ," ಎಂದರು ಆಮೇಲೆ. "ದಿನಾ ಮುಂಜಾನಿ. ಮನ್ಯಾಗಿನ ಮಂದಿ ಏಳೂದ್ರಾಗ ಎದ್ದು, ಕೊಡದಾಗ ಹಣಿಕಿ ಹಾಕಿ, ಒಂದ ಗುಟುಕ ಕುಡದ ನೋಡ್ತೇನಿ. ಇಳೀತು ಅಂದ್ರ, ಆತು, ಇವತ್ತಿನ ಒಂದ ದಿನಾ ಸಿಕ್ಕಿತು ಅಂತೇನಿ."

ಅಷ್ಟು ದೊಡ್ಡ ಮನುಷ್ಯ ಅಂಜುತ್ತಾನೆ ಎಂದು ಕೇಳಿ ನನಗೆ ಧೈರ್ಯ ಬರಲಿಲ್ಲ. ಇನ್ನೂ ಹೆಚ್ಚು ಹೆದರಿಕೆಯಾಯಿತು. ಆದರೆ ಆ ಹೆದರಿಕೆಯೊಳಗೆ ಒಬ್ಬಳೇ ಇದ್ದವಳಿಗೆ ಇನ್ನೊಬ್ಬರು ಸಿಕ್ಕಿದ್ದರು.

"ನನಗ ಕಚ್ಚಿದ್ದು ಎಲ್ಲಾರೂ ನೋಡ್ಯಾರ. ನಿನಗ ಎಲ್ಲಿ ತಾಗೇತಿ, ತೋರ್ಸು."

ಬೆರಳು ಚಾಚಿದೆ. ಅವರು ನನ್ನ ಕೈ ಹಿಡಿದು ಪಡಸಾಲೆಗೆ ಕರೆದೊಯ್ದು ಅಪ್ಪನ ಮುಂದೆ ನಿಲ್ಲಿಸಿದರು. "ಈ ಕೂಸಿಗೂ ಹಲ್ಲ ತಾಗೇತ್ರಿ ಅಣ್ಣಾರ." ಅವ್ವನ ಕೈಯಿಂದ ಪಾತ್ರೆ ಬಿದ್ದ ಸದ್ದು ಕೇಳಿತು. ಅಪ್ಪ ಕೈ ಎತ್ತಿದ. ಗಾದಿ ಕಾಕಾ ನಡುವೆ ಬಂದರು. "ಹೊಡಿಯೂದು ಆಮ್ಯಾಲ ಹೊಡೀರಂತ. ಮೊದ್ಲ ದವಾಖಾನಿಗೆ ನಡೀರಿ, ಬಾಗಲಾ ಹಾಕ್ತಾರ."

ಟಾಂಗಾದಲ್ಲಿ ಗದಗಿಗೆ ಹೋದೆವು. ಗಾದಿ ಕಾಕಾನಿಗೆ ಕಚ್ಚಿದ ದಿನವೇ ನನಗೂ ತಾಗಿದ್ದೆಂದು ಎಲ್ಲರೂ ತಿಳಿದರು, ನಾನು ತಿದ್ದಲಿಲ್ಲ. ಸೂಜಿ ಎತ್ತಿನದಲ್ಲದಿದ್ದರೂ ಚಿಕ್ಕದಂತೂ ಅಲ್ಲ. ಕಂಪೌಂಡರ್ ಹೊಟ್ಟೆಯ ಮೇಲೆ ತಣ್ಣನೆಯ ಅರಳೆ ಒರೆಸಿದಾಗ ನಾನು ಕಿರುಚಿ ಮೇಜಿನಿಂದ ಇಳಿದೆ. ಗಾದಿ ಕಾಕಾ ತಮ್ಮ ಅಂಗಿ ಎತ್ತಿ ಹೊಟ್ಟೆ ತೋರಿಸಿದರು. ಹೊಕ್ಕುಳ ಸುತ್ತ ಕೆಂಪಗೆ ಊದಿದ ಗುರುತುಗಳು. "ಎಣಿಸು. ಐದ ಅದಾವಿಲ್ಲ? ಇನ್ನೂ ಬೊಗಳಿಲ್ಲ ನೋಡು." ಮರುದಿನದಿಂದ ಅವರೇ ಮೊದಲು ಮೇಜು ಹತ್ತುತ್ತಿದ್ದರು. ಚುಚ್ಚುವಾಗ ಮುಖ ನನ್ನ ಕಡೆ ಇರುತ್ತಿತ್ತು. ನಗಲು ನೋಡುತ್ತಿದ್ದರು, ಆಗುತ್ತಿರಲಿಲ್ಲ.

ಅಪ್ಪ ಹೊಸ ಕಚೇರಿಗೆ ಹಾಜರಾಗಲೇಬೇಕಿತ್ತು. ಅಜ್ಜಿ ಲಕ್ಷ್ಮೇಶ್ವರದ ಕಾಕಾನ ಸಂಗಡ ಹೊರಟಳು. ನಮ್ಮನ್ನು ಎಲ್ಲಿ ಇಡುವುದು ಎಂದು ದೊಡ್ಡವರು ಮಾತಾಡಿಕೊಳ್ಳುತ್ತಿದ್ದಾಗ ಗಾದಿ ಕಾಕಾ, "ಕೀಲಿ ನಿಮ್ಮ ಕಡೇನ ಇರ್ಲಿ. ಕೂಸಿನ ಸೂಜಿ ಮುಗಿಯೂತನಾ ಮನಿ ನಿಮ್ದ," ಎಂದರು. ಎಲ್ಲರೂ ಹೋದ ಮೇಲೆ ಆ ದೊಡ್ಡ ಮನೆಯಲ್ಲಿ ಉಳಿದವರು ಅವ್ವ ಮತ್ತು ನಾನು, ಒಂದು ಒಲೆ, ನಾಲ್ಕು ಪಾತ್ರೆ, ಅವರು ತಂದು ಹಾಕಿದ ಒಂದು ಗಾದಿ. ಮಾತಾಡಿದರೆ ಗೋಡೆಗಳು ತಿರುಗಿ ಮಾತಾಡುತ್ತಿದ್ದವು. ಪಡಸಾಲೆಯ ಕಂಬದಲ್ಲಿ ಅವರು ಕಟ್ಟಿದ ಹಗ್ಗದ ತುಂಡು ಹಾಗೇ ಇತ್ತು. ನಾನು ಆ ಕಂಬವನ್ನು ಬಳಸಿಕೊಂಡು ನಡೆಯುತ್ತಿದ್ದೆ.

ನನ್ನ ನಾಲ್ಕನೆಯ ಸೂಜಿಯ ದಿನ. ಟಾಂಗಾದ ಹಿಂದೆ ಅವ್ವ, ಮುಂದೆ ಟಾಂಗಾದವನ ಪಕ್ಕ ಗಾದಿ ಕಾಕಾ ಮತ್ತು ನಾನು. ಅವರು ತಮ್ಮಷ್ಟಕ್ಕೆ ಎಂಬಂತೆ ಅಂದರು: "ಒಮ್ಮೆಲೆ ಏನಾತೋ ಆ ನಾಯಿಗೆ. ಮೊದ್ಲ ಖಬರ ಹತ್ತಿದ್ರ ಕಟ್ಟಿ ಹಾಕಬಹುದಿತ್ತು."

ಗಾಲಿಗಳ ಸದ್ದಿನಲ್ಲಿ ಅವರಿಗಷ್ಟೇ ಕೇಳುವಂತೆ ಹೇಳಿದೆ. "ನನಗ ಗೊತ್ತಿತ್ತು ಕಾಕಾ. ಎರಡ ದಿನಾ ಮೊದ್ಲ. ಅಪ್ಪ ಬಿಟ್ಟ ಹೋಗ್ತಾನಂತ ಹೇಳ್ಲಿಲ್ಲ."

ಅವರು ನನ್ನನ್ನು ನೋಡಲಿಲ್ಲ. ಕುದುರೆಯ ಕಿವಿಗಳನ್ನು ನೋಡುತ್ತ ಕೂತರು. ದವಾಖಾನೆಯಲ್ಲಿ ಸೂಜಿ ಮಾಡಿಸಿಕೊಂಡು, ಕೆಲಸವಿದೆ ಎಂದು ಅವ್ವನಿಗೆ ಹೇಳಿ ನಡೆದೇ ಹೋದರು.

ಮರುದಿನ ಅವರು ಬರಲಿಲ್ಲ. ಅವ್ವನೇ ಬೇರೆ ಟಾಂಗಾ ಹಿಡಿದಳು. ಕಂಪೌಂಡರನನ್ನು ಕೇಳಿದರೆ, "ಅವ್ರು ಮುಂಜಾನಿನ ಬಂದು ಹೋದ್ರಲ್ಲ!" ಎಂದ. ಆ ದಿನ ಸೂಜಿ ಚುಚ್ಚಿದ್ದು ನನಗೆ ತಿಳಿಯಲೇ ಇಲ್ಲ. ಅವರು ಈಗ ಅಪ್ಪನಿಗೆ ಕಾಗದ ಬರೆಸುತ್ತಾರೆ. ನಮ್ಮನ್ನು ಮನೆಯಿಂದ ಹೊರಗೆ ಹಾಕುತ್ತಾರೆ. ಅವರು ಸಾಯುತ್ತಾರೆ, ಸಾಯುವಾಗ ನನ್ನ ಹೆಸರು ಹೇಳುತ್ತಾರೆ... ಬಾಗಿಲು ಬಡಿದ ಸದ್ದಾದರೆ ಅವ್ವನ ಸೆರಗು ಹಿಡಿಯುತ್ತಿದ್ದೆ.

ಅದರ ಮರುದಿನ ಬಾಗಿಲು ತೆರೆದರೆ ಟಾಂಗಾ ನಿಂತಿತ್ತು, ಪಕ್ಕದಲ್ಲಿ ಅವರು. ಅವ್ವ ಚಪ್ಪಲಿ ಹುಡುಕಲು ಒಳಗೆ ಹೋದಳು.

"ನಿನ್ನಿ ಭಾಳ ಸಿಟ್ಟ ಬಂದಿತ್ತವ್ವಾ. ಸುಳ್ಳ ಯಾಕ ಹೇಳ್ಲಿ? ನಿನ್ನ ಮಾರಿ ನೋಡಬಾರ್ದು ಅನಿಸ್ತು. ಮನಿಗೆ ಹೋಗಿ ನನ್ನ ಸಣ್ಣ ಮಗಳ ಮಾರಿ ನೋಡ್ಕೋತ ಕುಂತೆ. ಅಕಿನೂ ನಿನ್ನಷ್ಟ ಅದಾಳ. ಅಕಿ ಆಗಿದ್ರೂ ನಾಯಿನ ಬಚ್ಚಿಡ್ತಿದ್ಲು."

"ಇವತ್ತ ಸಿಟ್ಟ ಇಲ್ಲ?"

"ಇವತ್ತ ಒಂದೀಟ ಐತಿ," ಎಂದರು. ಸುಳ್ಳು ಹೇಳುವವರಲ್ಲ ಅವರು. "ಹತ್ತು, ಹೊತ್ತಾತು. ನಿಮ್ಮ ಅಪ್ಪಗ ಇದನ್ನ ಹೇಳೂದ ಬ್ಯಾಡ."

ಅವರ ಹದಿನಾಲ್ಕು ಮುಗಿದ ಮೇಲೂ ನನ್ನ ಹದಿನಾಲ್ಕು ಮುಗಿಯುವವರೆಗೆ ದಿನಾಲೂ ಬಂದರು. ಕಡೆಯ ದಿನ ಅವ್ವ ಮನೆ ಸಾರಿಸಿ, ಖಾಲಿ ದೇವರ ಗೂಡಿನಲ್ಲಿ ದೀಪ ಹಚ್ಚಿ, ಅಳುತ್ತ ಕೀಲಿ ಕೊಟ್ಟಳು. ಅವಳು ಪ್ರತಿ ಕೋಣೆಯ ಗೋಡೆ ಮುಟ್ಟಿ ಬಂದಳು. ನನಗೆ ಮೆಟ್ಟಿಲ ಕೆಳಗಿನ ಕತ್ತಲೆಯನ್ನು ದಾಟಿ ಒಳಗೆ ಹೋಗಲು ಧೈರ್ಯವಾಗಲಿಲ್ಲ. ಹುಟ್ಟಿದ ಮನೆಗೆ ಬೆನ್ನು ತಿರುಗಿಸಿಯೇ ಹೊರಟೆ.

ಮುಂಡರಗಿಯಲ್ಲಿ ಯಾರೋ ಹೇಳಿದರು, ಗುಡುಗು ಕೇಳಿದರೆ ಒಳಗಿನ ವಿಷ ಎಚ್ಚರವಾಗುತ್ತದೆ ಎಂದು. ಆ ವರ್ಷ ಕಪ್ಪತಗುಡ್ಡದ ಕಡೆ ಮೋಡ ಕವಿದಾಗಲೆಲ್ಲ ನಾನು ಕಿವಿಗೆ ಅರಳೆ ತುರುಕಿಕೊಂಡು ಮೂಲೆಯಲ್ಲಿ ಕೂತಿರುತ್ತಿದ್ದೆ. ಅಪ್ಪ ಗದಗಿಗೆ ಹೋಗಿ ಬಂದರೆ ಸಾಕು, "ಗಾದಿ ಕಾಕಾ ಅದಾರಾ?" ಎಂದು ಕೇಳುತ್ತಿದ್ದೆ. ಎಂಥ ಪ್ರೀತಿ ನೋಡು ಎಂದು ಅಪ್ಪ ಅವ್ವನಿಗೆ ಹೇಳುತ್ತಿದ್ದ. ಪ್ರೀತಿಯೂ ಇತ್ತು. ಆದರೆ ಅವರಿಗೆ ಏನಾದರೂ ಆದರೆ ಅದು ನನ್ನಿಂದ, ಅದರ ಹಿಂದೆಯೇ ನನ್ನ ಸರದಿ ಎಂಬ ಭಯವೇ ಹೆಚ್ಚಿತ್ತು. ಅವರಿಗೆ ಏನೂ ಆಗಲಿಲ್ಲ. ನನಗೂ ಆಗಲಿಲ್ಲ. ಭಯ ಯಾವಾಗ ಇಳಿಯಿತೋ ನೆನಪಿಲ್ಲ...

ಹತ್ತು ವರ್ಷದ ಮೇಲೆ ನನ್ನ ಮದುವೆ ಗೊತ್ತಾಯಿತು. ಅವರಿಗೆ ಲಗ್ನಪತ್ರಿಕೆ ನಾನೇ ಕೊಡುತ್ತೇನೆಂದು ಹಟ ಹಿಡಿದು ಬೆಟಗೇರಿಗೆ ಹೋದೆ. ಅಪ್ಪನಿಗೆ ಹೇಳದ ಮಾತನ್ನು ಹೆಂಡತಿಗಾದರೂ ಹೇಳಿದ್ದರೇ, ನನ್ನ ಮೇಲೆ ಇನ್ನೂ ಸಿಟ್ಟಿದೆಯೇ, ಎಲ್ಲ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡಿದ್ದೆ. ಪಡಸಾಲೆಯಲ್ಲಿ ಅವರ ಹೆಂಡತಿ ಒಬ್ಬರೇ ಗಾದಿ ಹೊಲಿಯುತ್ತ ಕೂತಿದ್ದರು. ಗಾದಿ ಕಾಕಾ ತೀರಿಹೋಗಿ ನಾಲ್ಕು ತಿಂಗಳಾಗಿತ್ತು, ನಮಗೆ ಸುದ್ದಿ ಮುಟ್ಟಿರಲಿಲ್ಲ. ಕೆಮ್ಮು. ಅರಳೆಯ ಧೂಳು ಎದೆಯಲ್ಲಿ ಕೂತಿತ್ತಂತೆ.

ನಾನು ಅಳುವುದನ್ನು ನೋಡಿ ಕಾಕು ಸೂಜಿ ಪಕ್ಕಕ್ಕಿಟ್ಟರು. "ನಿನ್ನ ಭಾಳ ನೆನಸ್ತಿದ್ರವ್ವಾ. ಆ ನಾಯಿ ಮಾತ ಬಂದ್ರ, ಯಾರದೂ ತಪ್ಪಿಲ್ಲ, ಒಮ್ಮೆಲೆ ಹುಚ್ಚ ಹಿಡೀತು, ಮೊದ್ಲ ಯಾರಿಗೂ ಗೊತ್ತಿದ್ದಿಲ್ಲ ಅಂತಿದ್ರು. ಖರೇನ ಯಾರಿಗೂ ಗೊತ್ತಿದ್ದಿಲ್ಲೇನವ್ವಾ?"

ಸುಮ್ಮನೆ ಕೇಳಿದ ಮಾತು ಅದು, ಸಂಶಯವೇನೂ ಇರಲಿಲ್ಲ. ಹೇಳಲು ಬಾಯಿ ತೆರೆದೆ. ಮದುವೆಯಾಗಲಿರುವ ಹೆಣ್ಣಿನ ಬೆನ್ನಲ್ಲಿ ಬೆವರು ಇಳಿಯಿತು.

"ಇಲ್ರಿ ಕಾಕು. ಯಾರಿಗೂ ಗೊತ್ತಿದ್ದಿಲ್ಲ," ಎಂದೆ.

ಈಗ ಆ ಕಾಕು ಇಲ್ಲ. ನನ್ನ ಅಪ್ಪ, ಅವ್ವ, ಅಜ್ಜಿ ಯಾರೂ ಇಲ್ಲ. ಮನೆಯನ್ನು ಕೆಡವಿ ಅಂಗಡಿಗಳ ಸಾಲು ಕಟ್ಟಿದ್ದಾರೆ, ನಾನು ಆ ಓಣಿಗೆ ಹೋಗುವುದಿಲ್ಲ. ನನ್ನ ತಪ್ಪು ತಿಳಿದಿದ್ದವರು ಈ ಭೂಮಿಯ ಮೇಲೆ ಒಬ್ಬರೇ ಇದ್ದರು. ಅವರು ಅದನ್ನು ತಮ್ಮ ಹೆಂಡತಿಯಿಂದಲೂ ಮುಚ್ಚಿಟ್ಟು ಹೋದರು. ಅವರಿಗೆ ನಾನು ಕೊಡಬಹುದಾಗಿದ್ದದ್ದು ಒಂದು ನಿಜ ಮಾತು. ಅದನ್ನೂ ಅವರ ಮನೆಯ ಹೊಸ್ತಿಲೊಳಗೆ ಕೂತು, ಅಂಜಿ, ಕೊಡದೆ ಎದ್ದು ಬಂದೆ.